‘ವಿದ್ಯುತ್ ಮಗ್ಗ’ ಮತ್ತು ‘ಉದಯೋನ್ಮುಖ ತಂತ್ರಜ್ಞಾನ’: ಎರಡು ಪದಗಳ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಕೈಗಾರಿಕಾ ಕ್ರಾಂತಿಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಮೊದಲ ಭಾಗದಲ್ಲಿ ಉಗಿಯಂತ್ರ, ನೂಲು, ಮಗ್ಗ. ಕೊನೆಯ ಭಾಗದಲ್ಲಿ ಎಐ (ಕೃತಕ ಬುದ್ಧಿಮತ್ತೆ), ಕ್ವಾಂಟಮ್ ಕಂಪ್ಯೂಟರ್, ಜೀನ್ ತಿದ್ದುವ ವಿದ್ಯೆ. ಎರಡು ಕಡೆ ಪದದ ತೊಡಕು ಎದುರಾಗಿದೆ. ಒಂದು 1785ರದ್ದು, ಇನ್ನೊಂದು ಇವತ್ತಿನದು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧ ಇಲ್ಲ. ಆದರೆ ಎರಡರಲ್ಲೂ ತೊಂದರೆ ಒಂದೇ ಅನ್ನಿಸುತ್ತಿದೆ: ಪದ ತನ್ನ ಕಾಲ ಬಿಟ್ಟು ಬೇರೆ ಕಾಲದಲ್ಲಿ ಹೋಗಿ ಕೂತಿದೆ.

ಮೊದಲು ಮಗ್ಗದ ವಿಷಯ. ‘ಪವರ್ ಲೂಮ್’ಗೆ ನಾವು ‘ವಿದ್ಯುತ್ ಮಗ್ಗ’ ಎನ್ನುತ್ತೇವೆ. ಕೈಮಗ್ಗ, ವಿದ್ಯುತ್ ಮಗ್ಗ ಅನ್ನುವ ಜೋಡಿ ಎಲ್ಲರ ಬಾಯಲ್ಲೂ ಇದೆ. ಇವತ್ತಿನ ಮಗ್ಗಕ್ಕೆ ಆ ಹೆಸರು ಒಪ್ಪುತ್ತದೆ, ಅದು ಓಡುವುದೇ ಕರೆಂಟಿನಲ್ಲಿ. ಅದೇ ಪದವನ್ನು ಇತಿಹಾಸಕ್ಕೆ ತಂದಾಗ ಮಾತ್ರ ‘1785ರಲ್ಲಿ ಎಡ್ಮಂಡ್ ಕಾರ್ಟ್‌ರೈಟ್ ವಿದ್ಯುತ್ ಮಗ್ಗವನ್ನು ಕಂಡುಹಿಡಿದನು’ ಎಂಬ ವಾಕ್ಯ ಹುಟ್ಟಿಕೊಳ್ಳುತ್ತದೆ. ಓದಲು ಸಲೀಸಾಗಿದೆ. ಅದಕ್ಕೇ ಯಾರೂ ಅಲ್ಲಿ ನಿಂತು ನೋಡುವುದಿಲ್ಲ.

ಆದರೆ 1785ರಲ್ಲಿ ಕರೆಂಟು ಎಲ್ಲಿತ್ತು? ವೋಲ್ಟಾ ತನ್ನ ಬ್ಯಾಟರಿಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ಆಯಸ್ಕಾಂತವನ್ನು ಆಡಿಸಿ ತಂತಿಯಲ್ಲಿ ವಿದ್ಯುತ್ ಹರಿಸಬಹುದು ಎಂದು ಫ್ಯಾರಡೆ ತೋರಿಸಿದ್ದು 1831ರಲ್ಲಿ. ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾಗಿದ್ದು 1882ರಲ್ಲಿ. ಅಂದರೆ ಕಾರ್ಟ್‌ರೈಟ್ ಪೇಟೆಂಟ್ ಪಡೆದು ಹತ್ತಿರ ಹತ್ತಿರ ನೂರು ವರ್ಷ ಆದಮೇಲೆ. ಇಂಗ್ಲೆಂಡಿನ ಡಾನ್‌ಕಾಸ್ಟರ್ ಊರಿನಲ್ಲಿ ಅವನು ಹಾಕಿದ ಕಾರ್ಖಾನೆ ಮೊದಲು ಪ್ರಾಣಿಯ ಬಲದಲ್ಲಿ, ಆಮೇಲೆ ಉಗಿಯಲ್ಲಿ ಓಡಿತು.

ಹಾಗಾದರೆ ಆ ‘ಪವರ್’ ಅಂದರೆ ಏನು? ನೇಯುವವರ ಮೈಯಿಂದ ಬಾರದ, ಹೊರಗಿನಿಂದ ಬರುವ ಬಲ, ಅಷ್ಟೆ. ಕೈಮಗ್ಗದಲ್ಲಿ ಮೂರು ಕೆಲಸ ಒಂದರ ಹಿಂದೆ ಒಂದು ನಡೆಯುತ್ತವೆ. ಕಾಲಿನಿಂದ ತುಳಿದು ಹಾಸಿನ (ಉದ್ದಕ್ಕೆ ಚಾಚಿದ) ಎಳೆಗಳನ್ನು ಮೇಲೆ ಕೆಳಗೆ ಬಿಡಿಸಬೇಕು. ಆ ಸಂದಿಯಲ್ಲಿ ನೂಲು ಒಯ್ಯುವ ಲಾಳಿ ದಾಟಿಸಬೇಕು. ಹೊಕ್ಕಿನ (ಅಡ್ಡಲಾಗಿ ಬಂದ) ಎಳೆಯನ್ನು ಬಡಿದು ಕೂರಿಸಬೇಕು. ಈ ಮೂರನ್ನೂ ತಿರುಗುವ ಒಂದೇ ಶಾಫ್ಟಿಗೆ ಕಟ್ಟಿಹಾಕಿದರೆ ಅದು ಪವರ್ ಲೂಮ್. ಶಾಫ್ಟನ್ನು ತಿರುಗಿಸುವುದು ಎತ್ತೋ, ಹೊಳೆ ನೀರೋ, ಉಗಿಯೋ, ಮೋಟಾರೋ, ಮಗ್ಗಕ್ಕೆ ಅದರಿಂದ ವ್ಯತ್ಯಾಸ ಇಲ್ಲ. ಜೇಮ್ಸ್ ವ್ಯಾಟ್ 1781ರಲ್ಲಿ ಉಗಿಯಂತ್ರದ ಮೇಲೆ ಕೆಳಗೆ ಆಡುವ ಚಲನೆಯನ್ನು ಚಕ್ರದ ತಿರುಗುವಿಕೆಗೆ ಬದಲಾಯಿಸುವ ಪೇಟೆಂಟ್ ಪಡೆದನಲ್ಲ, ಅದರಿಂದಲೇ ಮಗ್ಗಕ್ಕೂ ಉಗಿಗೂ ನಂಟು ಬೆಳೆಯಲು ದಾರಿ ಆಯಿತು.

ಇಂಗ್ಲಿಷಿನ ‘ಪವರ್’ ಅಗಲವಾದ ಪದ. ಕುದುರೆ, ನೀರು, ಗಾಳಿ, ಕರೆಂಟು ಎಲ್ಲಕ್ಕೂ ಹೊಂದುತ್ತದೆ. ನಮ್ಮ ‘ವಿದ್ಯುತ್’ ಹಾಗಲ್ಲ, ಸಂಸ್ಕೃತದಲ್ಲಿ ಅದು ಮಿಂಚು. ‘ಹಾರ್ಸ್ ಪವರ್’ ಬಂದಾಗ ನಮ್ಮವರು ಎಚ್ಚರದಿಂದ ‘ಅಶ್ವಶಕ್ತಿ’ ಎಂದರು. ಮಗ್ಗದ ಹತ್ತಿರ ಬಂದಾಗ ಆಗಲೇ ಕರೆಂಟಿನ ಕಾಲ ಆಗಿದ್ದರಿಂದ ‘ವಿದ್ಯುತ್’ ಸುಲಭವಾಗಿ ಅಂಟಿಕೊಂಡಿತು ಎಂಬುದು ನನ್ನ ಊಹೆ.

ಇದು ಸಣ್ಣ ವಿಷಯ ಅಲ್ಲ ಅನ್ನುವುದಕ್ಕೆ ಕಾರಣ ಇದೆ. ಮೊದಲನೇ ಕ್ರಾಂತಿ ಉಗಿಯದು, ಎರಡನೆಯದು ವಿದ್ಯುತ್ತಿನದು ಎಂದು ಅದೇ ಪಾಠ ಮುಂದೆ ಹೇಳುತ್ತದೆ. ಮೊದಲನೆಯದರಲ್ಲೇ ವಿದ್ಯುತ್ ಮಗ್ಗ ಬಂದುಬಿಟ್ಟರೆ ಓದುವ ಮಗುವಿಗೆ ಎರಡನೆಯದರಲ್ಲಿ ಹೊಸತೇನು ಎಂದು ತಿಳಿಯುವುದು ಹೇಗೆ?

‘ಯಂತ್ರಮಗ್ಗ’, ‘ಶಕ್ತಿಮಗ್ಗ’, ‘ಉಗಿಮಗ್ಗ’ ಈ ಮೂರನ್ನೂ ಬರೆದು ನೋಡಿದೆ. ಉಗಿಮಗ್ಗ ಅಂದರೆ ನೀರಿನ ಬಲದ್ದು ಹೊರಗೆ ಉಳಿಯುತ್ತದೆ. ಶಕ್ತಿಮಗ್ಗ ಪದಕ್ಕೆ ಪದ ಸರಿ, ಆದರೆ ಬಲವಾದ ಮಗ್ಗ ಅನ್ನುವ ಅರ್ಥವೇ ಮೊದಲು ಹೊಳೆಯುತ್ತದೆ. ಸದ್ಯಕ್ಕೆ ಹಳೆಯ ಕಾಲಕ್ಕೆ ಯಂತ್ರಮಗ್ಗ, ಈಗಿನದಕ್ಕೆ ವಿದ್ಯುತ್ ಮಗ್ಗ ಎಂದು ಇಟ್ಟುಕೊಂಡಿದ್ದೇನೆ.

ಇನ್ನು ‘ಕೈಗಾರಿಕಾ ಕ್ರಾಂತಿ’. ಇದನ್ನು ಬದಲಾಯಿಸಬೇಕು ಎಂದು ನಾನು ಹೇಳುತ್ತಿಲ್ಲ. ಹೊಣೆಗಾರಿಕೆ ‘ಹೊಣೆಗಾರಿಕಾ’ ಆಗದಿರುವಾಗ ಕೈಗಾರಿಕೆ ಮಾತ್ರ ‘ಕೈಗಾರಿಕಾ’ ಆದದ್ದು ಹೇಗೆ ಎಂದು ವ್ಯಾಕರಣ ಬಲ್ಲವರು ಕೇಳುತ್ತಾರೆ, ಕೇಳಲಿ. ಅದಕ್ಕಿಂತ ನನಗೆ ಇಷ್ಟವಾಗುವುದು ಅದರೊಳಗೆ ಇರುವ ‘ಕೈ’. ಕೈಯಿಂದ ಕೆಲಸ ತೆಗೆದು ಯಂತ್ರಕ್ಕೆ ಕೊಟ್ಟ ಬದಲಾವಣೆಗೆ ಕೈಯ ಹೆಸರೇ ಉಳಿದಿದೆ. ಇಂಗ್ಲಿಷಿನಲ್ಲೂ ಹೀಗೇ ಆಗಿದೆ. ‘ಮ್ಯಾನುಫ್ಯಾಕ್ಚರ್’ ಅಂದರೆ ಲ್ಯಾಟಿನ್ ಮೂಲದಲ್ಲಿ ಕೈಯಿಂದ ಮಾಡುವುದು. ‘ಇಂಡಸ್ಟ್ರಿ’ಯ ಮೂಲ ಅರ್ಥ ಶ್ರದ್ಧೆ, ದುಡಿಮೆ. ನಮ್ಮ ಉದ್ಯಮ, ಉದ್ಯೋಗ ಕೂಡ ಮೊದಲು ಪ್ರಯತ್ನವೇ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ಸಿಗುವುದಿಲ್ಲ, ಅಲ್ಲಿ ನಡೆಯುವುದು ಸಂಧಾನದ ಪ್ರಯತ್ನ, ಯುದ್ಧದ ಸಿದ್ಧತೆ. ತಂತ್ರಜ್ಞಾನದ ‘ತಂತ್ರ’ಕ್ಕಂತೂ ಸಂಸ್ಕೃತದಲ್ಲಿ ಮಗ್ಗ, ಹಾಸು ಎಂಬ ಅರ್ಥವೇ ಇದೆ. ಎಳೆ ಎಂಬ ಅರ್ಥದ ತಂತು ಅದರ ಒಡಹುಟ್ಟು. ನೂಲು, ಮಗ್ಗದಿಂದ ಶುರುವಾದ ಈ ಕಥೆಗೆ ಇದಕ್ಕಿಂತ ಒಪ್ಪುವ ಪದ ಹುಡುಕಿದರೂ ಸಿಗಲಿಕ್ಕಿಲ್ಲ.

‘ಕ್ರಾಂತಿ’ಯ ದಾರಿ ಬೇರೆ. ‘ರೆವಲ್ಯೂಷನ್’ ಅಂದರೆ ಮೊದಲು ಸುತ್ತುವುದು. 1543ರಲ್ಲಿ ಬಂದ ಕೋಪರ್ನಿಕಸ್‌ನ ಗ್ರಂಥದ ಹೆಸರಿನಲ್ಲಿ ಆ ಪದ ಇರುವುದು ಆಕಾಶಕಾಯಗಳ ಸುತ್ತಾಟಕ್ಕೆ. ಇವತ್ತಿಗೂ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎನ್ನಲು ಅದೇ ಪದ. ನಮ್ಮ ಕ್ರಾಂತಿಯೂ ಆಕಾಶದ್ದೇ. ಸಂಕ್ರಾಂತಿ, ಕ್ರಾಂತಿವೃತ್ತ (ಆಕಾಶದಲ್ಲಿ ಸೂರ್ಯ ಸಾಗುವಂತೆ ಕಾಣುವ ದಾರಿ) ನೆನಪಿಸಿಕೊಳ್ಳಿ. ಆದರೆ ಅದರ ಬೇರು ‘ಕ್ರಮ್’, ಹೆಜ್ಜೆ ಇಡುವುದು, ದಾಟುವುದು. ಅವರದು ಸುತ್ತಿ ಬರುವ ಪದ, ನಮ್ಮದು ದಾಟಿ ಹೋಗುವ ಪದ. ಒಂದು ಕಾಲದಿಂದ ಇನ್ನೊಂದಕ್ಕೆ ದಾಟಿದ್ದನ್ನು ಹೇಳಲು ನಮ್ಮದೇ ಮೇಲು ಅನ್ನಿಸುತ್ತದೆ.

‘ಕೈಗಾರಿಕಾ ಕ್ರಾಂತಿ’ ಎಂಬ ಹೆಸರು ಯಾವಾಗ ಬಂತು ಅನ್ನುವುದನ್ನೂ ನೋಡಬೇಕು. ಫ್ರೆಂಚರಲ್ಲಿ ಅಲ್ಲಲ್ಲಿ ಮೊದಲೇ ಇತ್ತು. 1837ರಲ್ಲಿ ಅರ್ಥಶಾಸ್ತ್ರಜ್ಞ ಬ್ಲಾಂಕಿ ಬಳಸಿದ, 1845ರಲ್ಲಿ ಎಂಗೆಲ್ಸ್ ಬಳಸಿದ. ಇಂಗ್ಲಿಷಿನಲ್ಲಿ ಅದು ನೆಲೆಯೂರಿದ್ದು ಆರ್ನಾಲ್ಡ್ ಟಾಯ್ನ್‌ಬಿ 1881-82ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಿಂದ. ಅವನು ಶುರುವಿನ ಗೆರೆ ಎಳೆದದ್ದು 1760ಕ್ಕೆ. (ಇವನು ನಾಗರಿಕತೆಗಳ ಬಗ್ಗೆ ಬರೆದ ಟಾಯ್ನ್‌ಬಿ ಅಲ್ಲ, ಅವನ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕಾದವನು.) ಅಂದರೆ ಆಗಿಹೋದ ಮೇಲೆ, ಹಿಂತಿರುಗಿ ನೋಡಿ ಇಟ್ಟ ಹೆಸರು.

‘ನಾಲ್ಕನೇ ಕೈಗಾರಿಕಾ ಕ್ರಾಂತಿ’ ಹಾಗಲ್ಲ. 2011ರ ಹ್ಯಾನೋವರ್ ಮೇಳದಲ್ಲಿ ಜರ್ಮನರು ‘ಇಂಡಸ್ಟ್ರಿ 4.0’ ಎಂದರು. ಸಾಫ್ಟ್‌ವೇರಿನ ಆವೃತ್ತಿಗೆ ನಂಬರ್ ಕೊಡುವ ಹಾಗೆ. 2016ರಲ್ಲಿ ವಿಶ್ವ ಆರ್ಥಿಕ ವೇದಿಕೆಯ ಸ್ಥಾಪಕ ಕ್ಲಾಸ್ ಶ್ವಾಬ್ ಅದರ ದಾವೋಸ್ ಸಭೆಗೆ ಅದನ್ನೇ ವಿಷಯವಾಗಿ ಇಟ್ಟ ಮೇಲೆ ಎಲ್ಲ ಭಾಷೆಗೂ ಹರಡಿತು. ವಿಶೇಷ ಏನಂದರೆ, ಅದೇ 2011ರಲ್ಲಿ ಅಮೆರಿಕದ ಲೇಖಕ ಜೆರೆಮಿ ರಿಫ್ಕಿನ್ ಇಂಟರ್ನೆಟ್ಟು ಮತ್ತು ನವೀಕರಿಸಬಹುದಾದ ಇಂಧನ ಸೇರಿ ‘ಮೂರನೇ’ ಕ್ರಾಂತಿ ಆಗುತ್ತಿದೆ ಎಂದು ಬರೆದ. ಒಂದೇ ವರ್ಷ, ಒಬ್ಬರಿಗೆ ಮೂರನೆಯದು, ಇನ್ನೊಬ್ಬರಿಗೆ ನಾಲ್ಕನೆಯದು. ಹಾಗಾಗಿ ಮಕ್ಕಳ ಬರಹದಲ್ಲಿ ‘ನಾಲ್ಕನೇ ಕೈಗಾರಿಕಾ ಕ್ರಾಂತಿ ನಡೆಯಿತು’ ಎಂದು ಬರೆಯಲು ನನಗೆ ಮನಸ್ಸಿಲ್ಲ. ‘ಎಂದು ಕರೆಯುತ್ತಿದ್ದಾರೆ’ ಎಂದು ಬರೆಯುತ್ತಿದ್ದೇನೆ. ಇಲ್ಲಿ ಕ್ರಿಯಾಪದ ಜಾಸ್ತಿ ಕೆಲಸ ಮಾಡಬೇಕು.

ಈಗ ಎರಡನೇ ಪದ. ‘ಎಮರ್ಜಿಂಗ್ ಟೆಕ್ನಾಲಜಿ’ಗೆ ಪತ್ರಿಕೆಗಳಲ್ಲೂ ಸರ್ಕಾರಿ ಕಾಗದಗಳಲ್ಲೂ ‘ಉದಯೋನ್ಮುಖ ತಂತ್ರಜ್ಞಾನ’ ಅನ್ನುವುದೇ ಹೆಚ್ಚು. ಉದಯೋನ್ಮುಖ ಅಂದರೆ ಉದಯದ ಕಡೆ ಮುಖ ಮಾಡಿದ್ದು. ಉದಯೋನ್ಮುಖ ಕವಿ, ಉದಯೋನ್ಮುಖ ಆಟಗಾರ ಅನ್ನುವಾಗ ಅದರಲ್ಲಿ ಒಂದು ಹಾರೈಕೆ ಇದೆ, ಅದು ಚೆಂದವೇ. ಆದರೆ ತಂತ್ರಜ್ಞಾನದ ವಿಷಯದಲ್ಲಿ ಹಾರೈಕೆ ಅಲ್ಲ, ವಿವರಣೆ ಬೇಕು. ಉದಯ ಅಂದಕೂಡಲೇ ಸೂರ್ಯ. ಸೂರ್ಯ ಹುಟ್ಟುತ್ತಾನೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇಲ್ಲ, ಎಷ್ಟು ಹೊತ್ತಿಗೆ ಅನ್ನುವುದೂ ಗೊತ್ತು. ಎಮರ್ಜಿಂಗ್ ಅನ್ನುವುದರಲ್ಲಿ ಇರುವುದೇ ಆ ಅನುಮಾನ, ಅಲ್ವಾ? 2015ರಲ್ಲಿ ರೊಟೊಲೊ, ಹಿಕ್ಸ್, ಮಾರ್ಟಿನ್ ಎಂಬ ಮೂವರು ಸಂಶೋಧಕರು ಈ ಪದವನ್ನೇ ಜಾಲಾಡಿ ಐದು ಲಕ್ಷಣ ಹೇಳಿದರು: ಬುಡದಿಂದ ಹೊಸತಾಗಿರುವುದು, ಬೇಗ ಬೆಳೆಯುವುದು, ತನ್ನದೇ ಒಂದು ಗುರುತು ಪಡೆಯುವುದು, ದೊಡ್ಡ ಪರಿಣಾಮ ಬೀರುವ ಸಾಧ್ಯತೆ ಇರುವುದು, ಮತ್ತು ಅನಿಶ್ಚಿತತೆ. ಉದಯೋನ್ಮುಖ ಪದ ಮೊದಲ ನಾಲ್ಕನ್ನು ಹೇಗೋ ಹೊತ್ತೀತು. ಐದನೆಯದನ್ನು ಅಳಿಸಿಹಾಕುತ್ತದೆ.

ಅನಿಶ್ಚಿತತೆ ಎಷ್ಟು ದೊಡ್ಡದು ಅನ್ನುವುದಕ್ಕೆ ಮತ್ತೆ ಕಾರ್ಟ್‌ರೈಟನ ಮಗ್ಗವನ್ನೇ ನೋಡಿ. 1785ರಲ್ಲಿ ಪೇಟೆಂಟ್. 1813ರಲ್ಲಿ, ಅಂದರೆ 28 ವರ್ಷ ಆದಮೇಲೂ, ಬ್ರಿಟನ್ನಿನಲ್ಲಿ ಇದ್ದದ್ದು ಸುಮಾರು 2,400 ಯಂತ್ರಮಗ್ಗ. 1820ಕ್ಕೆ ಸುಮಾರು 14,000. ಆಗ ಕೈಮಗ್ಗದ ನೇಕಾರರು ಎರಡು ಲಕ್ಷಕ್ಕೂ ಹೆಚ್ಚು ಇದ್ದರು. 1833ಕ್ಕೆ ಯಂತ್ರಮಗ್ಗ ಲಕ್ಷ ಮುಟ್ಟಿತು. ಇಷ್ಟು ತಡ ಯಾಕೆ? ಒಂದು ಕಾರಣ ಗಂಜಿ. ಹಾಸಿನ ನೂಲು ಉಜ್ಜಾಡಿ ಹರಿಯದಿರಲು ಅದಕ್ಕೆ ಗಂಜಿ ಹಚ್ಚಬೇಕು. ಆಗ ಸ್ವಲ್ಪ ನೇಯ್ದು, ಮಗ್ಗ ನಿಲ್ಲಿಸಿ, ಮುಂದಿನ ಹಾಸಿನ ನೂಲಿಗೆ ಗಂಜಿ ಹಚ್ಚಿ, ಒಣಗಿಸಿ, ಮತ್ತೆ ನೇಯುತ್ತಿದ್ದರು. ಕೈಮಗ್ಗದಲ್ಲಿ ಅದು ನಡೆಯುತ್ತದೆ. ಉಗಿ ಉರಿಸುತ್ತಾ ಮಗ್ಗ ನಿಲ್ಲಿಸಿಕೊಂಡು ಕೂತರೆ ಲಾಭ ಎಲ್ಲಿಂದ? ಹಾಸಿನ ನೂಲಿಗೆ ಮೊದಲೇ ಗಂಜಿ ಹಚ್ಚಿ ಒಣಗಿಸಿ ಕೊಡುವ ಯಂತ್ರ 1803ರ ಸುಮಾರಿಗೆ ಬಂದಮೇಲೆ ದಾರಿ ತೆರೆಯಿತು. 1822ರಲ್ಲಿ ರಿಚರ್ಡ್ ರಾಬರ್ಟ್ಸ್ ಕಬ್ಬಿಣದ ಗಟ್ಟಿ ಮಗ್ಗ ತಂದ. 1800ರಲ್ಲಿ ನಿಂತು ನೋಡಿದವರಿಗೆ ಯಂತ್ರಮಗ್ಗ ಗೆಲ್ಲುತ್ತದೆ ಎಂದು ಹೇಳಲು ಆಧಾರವೇ ಇರಲಿಲ್ಲ.

ವಿದ್ಯುತ್ ಮೋಟಾರಿನ ಕಥೆಯೂ ಇಂಥದ್ದೇ. 1899ರಲ್ಲಿ ಅಮೆರಿಕದ ಕಾರ್ಖಾನೆಗಳ ಯಂತ್ರಬಲದಲ್ಲಿ ಮೋಟಾರಿನ ಪಾಲು ಶೇ. 5ಕ್ಕಿಂತ ಕಡಿಮೆ. ಮಾಡಿನ ಕೆಳಗೆ ಉದ್ದಕ್ಕೂ ಒಂದು ಶಾಫ್ಟು, ಅದರಿಂದ ಇಳಿಬಿದ್ದ ಬೆಲ್ಟುಗಳು, ಇಡೀ ಕಟ್ಟಡವೇ ಒಂದು ಉಗಿಯಂತ್ರದ ಸುತ್ತ ಕಟ್ಟಿದ್ದು. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಕೊಟ್ಟು, ಕಾರ್ಖಾನೆಯ ನಕ್ಷೆಯನ್ನೇ ಬದಲಾಯಿಸಿದ ಮೇಲೆ, 1920ರ ದಶಕದಲ್ಲಿ ಅದರ ಪೂರ್ತಿ ಫಲ ಕಂಡಿತು.

ಇನ್ನು ಎಐ. ಅಮೆರಿಕದಲ್ಲಿ ನಡೆದ 1956ರ ಡಾರ್ಟ್‌ಮತ್ ಸಭೆಯಲ್ಲಿ ಅದರ ಹೆಸರು ನೆಲೆಯಾಯಿತು. 1973ರಲ್ಲಿ, ಎಐ ಭರವಸೆ ಕೊಟ್ಟಷ್ಟು ಸಾಧಿಸಿಲ್ಲ ಎಂದ ಬ್ರಿಟನ್ನಿನ ಲೈಟ್‌ಹಿಲ್ ವರದಿ ಬಂದಮೇಲೆ ಅಲ್ಲಿ ಹಣವೇ ಬತ್ತಿತು. ಎಂಬತ್ತರ ದಶಕದಲ್ಲಿ ಮತ್ತೆ ಏರಿತು, ಮತ್ತೆ ಇಳಿಯಿತು. ಈಗಿನ ಏರಿಕೆ ಚಿತ್ರ ಗುರುತಿಸುವ ಸ್ಪರ್ಧೆಯಲ್ಲಿ 2012ರಲ್ಲಿ ಆದ ಗೆಲುವಿನಿಂದ ಈಚಿನದು. ಇದಕ್ಕೆ ಯಾವ ಉದಯದ ಲೆಕ್ಕ ಹೊಂದುತ್ತದೆ? ಇನ್ನು ಕೆಲವು ಬಂದು ನಿಂತೇಹೋಗುವುದೂ ಉಂಟು. ಶಬ್ದದ ವೇಗವನ್ನೂ ಮೀರಿ ಹಾರಿದ ಕಾಂಕಾರ್ಡ್ ವಿಮಾನ 1976ರಲ್ಲಿ ಪ್ರಯಾಣಿಕರನ್ನು ಹೊತ್ತು 2003ರಲ್ಲಿ ನಿಂತೇಹೋಯಿತು. ಅದರ ಜಾಗಕ್ಕೆ ಅಂಥ ಇನ್ನೊಂದು ಬರಲಿಲ್ಲ.

ಲ್ಯಾಟಿನ್ ಮೂಲದಲ್ಲಿ ‘ಎಮರ್ಜ್’ ಅಂದರೆ ಮುಳುಗಿದ್ದು ನೀರಿನಿಂದ ಮೇಲೆ ಬರುವುದು. ಅದಕ್ಕೆ ಹತ್ತಿರದ ಕನ್ನಡ ಕ್ರಿಯಾಪದಗಳು ನಮ್ಮಲ್ಲಿ ಬೇಕಾದಷ್ಟಿವೆ. ‘ಹೊಮ್ಮುತ್ತಿರುವ’ ಅಂದರೆ ರಭಸ ಜಾಸ್ತಿ ಆಯಿತು, ಚಿಲುಮೆಗೆ, ಪರಿಮಳಕ್ಕೆ ಸರಿ. ‘ತಲೆಯೆತ್ತುತ್ತಿರುವ’ ಅಂದರೆ ಕೆಲವು ಸಲ ಪಿಡುಗಿನ ಛಾಯೆ ಬರುತ್ತದೆ. ‘ಮೂಡುತ್ತಿರುವ’ ಸರಳ, ಆದರೆ ಅದೂ ಮೂಡಣದ ಸೂರ್ಯನದೇ. ‘ಹೊಸ ತಂತ್ರಜ್ಞಾನ’ ಅಂದುಬಿಟ್ಟರೆ ಸುಲಭ, ಆದರೆ ಕ್ವಾಂಟಮ್ ಕಂಪ್ಯೂಟರಿನ ಯೋಚನೆ 1980ರ ದಶಕದ್ದು. ಹೊಸದಲ್ಲ, ಇನ್ನೂ ಕೈಗೆ ಬಂದಿಲ್ಲ, ಅಷ್ಟೆ.

ನನಗೆ ಒಪ್ಪಿಗೆಯಾಗಿರುವುದು ‘ಮೊಳೆಯುತ್ತಿರುವ ತಂತ್ರಜ್ಞಾನ’. ಮೊಳೆತದ್ದು ಬೆಳೆಯಬಹುದು, ಬಾಡಬಹುದು, ವರ್ಷಗಟ್ಟಲೆ ಕಾಯಿಸಲೂಬಹುದು. ಈ ಮೂರೂ ಅರ್ಥ ಆ ಕ್ರಿಯಾಪದದಲ್ಲೇ ಇದೆ. ಇದಕ್ಕೆ ಒಂದು ಆಕ್ಷೇಪ ನಾನೇ ಮುಂದಿಡುತ್ತೇನೆ. ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆ ಇದೆಯಲ್ಲ? ಮೊಳಕೆ ನೋಡಿದರೇ ಬೆಳೆ ತಿಳಿಯುತ್ತದೆ ಎಂದು ಅದು ಹೇಳುತ್ತದೆ. ಗಾದೆ ಬಲ್ಲ ಓದುಗರಿಗೆ ನನ್ನ ಪದವೂ ಉದಯೋನ್ಮುಖದ ಹಾಗೇ ಭರವಸೆಯ ಪದವಾಗಿ ಕೇಳಿಸಬಹುದು. ಇನ್ನೊಂದು ತೊಡಕು, ‘ಮೊಳೆ’ ಅಂದರೆ ಗೋಡೆಗೆ ಹೊಡೆಯುವ ಮೊಳೆಯೂ ಹೌದು. ‘ಮೊಳೆಯುತ್ತಿರುವ’ ಎಂದು ಪೂರ್ತಿ ಬರೆದರೆ ಗೊಂದಲ ಇಲ್ಲ. ‘ಮೊಳೆ ತಂತ್ರಜ್ಞಾನ’ ಎಂದು ಚಿಕ್ಕದು ಮಾಡಲು ಆಗುವುದಿಲ್ಲ. ‘ಮೊಳಕೆ ತಂತ್ರಜ್ಞಾನ’ ಅಂದರೆ ಕಾಳು ಮೊಳಕೆ ಕಟ್ಟಿಸುವ ವಿದ್ಯೆ ಅನ್ನಿಸೀತು.

ಹಾಗಾಗಿ ಕೇಳುತ್ತಿದ್ದೇನೆ. ನೇಕಾರಿಕೆಯ ಮನೆತನದವರು ಇಲ್ಲಿ ಇದ್ದರೆ, ಕರೆಂಟು ಬರುವ ಮುಂಚಿನ ಯಂತ್ರದ ಮಗ್ಗಕ್ಕೆ ಹಿರಿಯರ ಬಾಯಲ್ಲಿ ಬೇರೆ ಹೆಸರು ಏನಾದರೂ ಕೇಳಿದ್ದೀರಾ? ಮತ್ತೆ ಪಾಠ ಮಾಡುವವರಿಗೆ: ‘ಮೊಳೆಯುತ್ತಿರುವ ತಂತ್ರಜ್ಞಾನ’ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ಅದು ‘ಇನ್ನೂ ಗ್ಯಾರಂಟಿ ಇಲ್ಲದ್ದು’ ಎಂದು ತಲುಪುತ್ತದೆಯೇ, ಅಥವಾ ಸುಮ್ನೆ ‘ಹೊಸತು’ ಎಂದೇ ಕೇಳಿಸುತ್ತದೆಯೇ?