ಓಗರ್‌ಗೂ 14, ವಿಝರ್ಡ್‌ಗೂ 14: ಬಾಗಿಲು ತೆರೆಯಬೇಕೋ ಬೇಡವೋ?

ಪಗಡೆಪುಟ್ಟ:
ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ವಹಿಸಿ ಆಡುವ ದಾಳದಾಟ) 5ನೇ ಆವೃತ್ತಿ, 2014ರ ನಿಯಮ. ಬಾಗಿಲ ಆಚೆ ತಳ್ಳಿ ತೆರೆಯಲು ನೋಡುತ್ತಿರುವ ದೈತ್ಯ ಓಗರ್ (ಬಲ ಅಂದರೆ ಸ್ಟ್ರೆಂತ್ 19, ದಾಳದ ಅಂಕಕ್ಕೆ ಕೂಡುವ ಮಾಡಿಫೈಯರ್ +4), ಈಚೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ ಮಾಂತ್ರಿಕ ವಿಝರ್ಡ್ (ಸ್ಟ್ರೆಂತ್ 8, −1). ಡಿ20ಯಲ್ಲಿ (ಇಪ್ಪತ್ತು ಮುಖದ ದಾಳ) ಓಗರ್‌ಗೆ 10 ಬಿತ್ತು, ವಿಝರ್ಡ್‌ಗೆ 15. ಮಾಡಿಫೈಯರ್ ಸೇರಿಸಿದರೆ ಇಬ್ಬರದೂ 14. ಪುಸ್ತಕದ ಪ್ರಕಾರ ಟೈ ಆದರೆ ಮೊದಲಿದ್ದ ಸ್ಥಿತಿಯೇ ಉಳಿಯುತ್ತೆ, ಅಂದರೆ ಬಾಗಿಲು ಮುಚ್ಚೇ ಇರುತ್ತೆ. ಬಲದಲ್ಲಿ ಇಷ್ಟು ಅಂತರ ಇದ್ದರೂ ಹೀಗೇ ಬಿಡಬೇಕಾ? ದೊಡ್ಡ ಮಾಡಿಫೈಯರ್ ಇರುವವರೇ ಗೆದ್ದರು ಅಂತ ಹೌಸ್ ರೂಲ್ (ನಮ್ಮ ಟೇಬಲ್ಲಿನ ಸ್ವಂತ ನಿಯಮ) ಮಾಡಲಾ, ಇಲ್ಲ ಮತ್ತೆ ಉರುಳಿಸಲಾ?

ಇಪ್ಪತ್ಮುಖ:
ಮೊದಲು ಲೆಕ್ಕ ನೋಡಿ. ಎರಡು ಡಿ20 ಬಿದ್ದರೆ 400 ಜೋಡಿ. ಮಾಡಿಫೈಯರ್ ಅಂತರ 5 ಇದ್ದಾಗ ಟೈ ಆಗೋದು 15 ಜೋಡಿಯಲ್ಲಿ, ಅಂದರೆ 3.75%. ಓಗರ್ ನೇರವಾಗಿ ಗೆಲ್ಲೋದು 280ರಲ್ಲಿ (70%), ವಿಝರ್ಡ್ 105ರಲ್ಲಿ (26.25%).

ಈಗಿನ ನಿಯಮದಲ್ಲಿ ಬಾಗಿಲು ತೆರೆಯುವ ಸಾಧ್ಯತೆ 70%. ಮತ್ತೆ ಉರುಳಿಸಿದರೆ 72.7%. ದೊಡ್ಡ ಮಾಡಿಫೈಯರ್‌ಗೇ ಕೊಟ್ಟರೆ 73.75%. ಇಷ್ಟಕ್ಕೆ ಜಗಳ ಯಾಕೆ? ನಿಮ್ಮನ್ನು ಕಾಡಬೇಕಾದದ್ದು ಆ 26.25%. ಒಂದೇ ಡಿ20 ಇಟ್ಟುಕೊಂಡರೆ ಏರಿಳಿತ ವಿಪರೀತ, +5 ಅಂತರ ಅದರಲ್ಲಿ ಮುಳುಗಿಹೋಗುತ್ತೆ. ಬಲಕ್ಕೆ ಬೆಲೆ ಬರಬೇಕಿದ್ದರೆ ಮೂರರಲ್ಲಿ ಎರಡು ಗೆದ್ದವರಿಗೆ ಬಾಗಿಲು ಅಂತ ಮಾಡಿ, ಟೈ ಆದ ಸುತ್ತು ಮಾತ್ರ ಮತ್ತೆ ಉರುಳಿಸಿ. ಓಗರ್‌ನ ಗೆಲುವು ಸುಮಾರು 82%ಕ್ಕೆ ಏರುತ್ತೆ. ಅಥವಾ ದಾಳವನ್ನೇ ಮುಟ್ಟಬೇಡಿ, ಬಾಗಿಲು ತೆರೆಯಿತು ಅಂದುಬಿಡಿ.

ಮೂಲೆಮನೆ ಡಿಎಂ:
ಲೆಕ್ಕ ಸರಿ, ಆದರೆ "ಮೊದಲಿದ್ದ ಸ್ಥಿತಿ" ಅನ್ನೋದು ಯಾರು ಏನು ಮಾಡಲು ಹೊರಟಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಓಗರ್ ವಿಝರ್ಡ್‌ನನ್ನು ಗ್ರ್ಯಾಪಲ್ ಮಾಡಲು (ಹಿಡಿದು ನಿಲ್ಲಿಸಲು) ಹೋಗಿ ಟೈ ಆದರೆ ಹಿಡಿತ ಸಿಗಲ್ಲ. ಹಿಡಿದ ಮೇಲೆ ವಿಝರ್ಡ್ ಬಿಡಿಸಿಕೊಳ್ಳಲು ಹೋಗಿ ಟೈ ಆದರೆ ಹಿಡಿತ ಬಿಡಲ್ಲ. ಅದೇ ಇಬ್ಬರು, ಅದೇ ಅಂಕ, ಲಾಭ ಮಾತ್ರ ಅದಲುಬದಲು. ಹಾಗಾಗಿ ದಾಳ ಬೀಳೋ ಮುಂಚೆ "ಸಮ ಬಿದ್ದರೆ ಇದು" ಅಂತ ಬಾಯಿಬಿಟ್ಟು ಹೇಳಿ. ಬಿದ್ದ ಮೇಲೆ ಹೇಳಿದರೆ ಪಕ್ಷಪಾತ ಅಂತಲೇ ಕಾಣುತ್ತೆ.

ಅಂತರ ತೀರಾ ದೊಡ್ಡದಿದ್ದರೆ ಪುಸ್ತಕವೇ ಕೆಲವು ಕಡೆ ದಾಳ ಉರುಳಿಸಲು ಬಿಡಲ್ಲ. ನಿಮಗಿಂತ ಒಂದು ಸೈಜ್ ದೊಡ್ಡವರನ್ನು ಗ್ರ್ಯಾಪಲ್ ಮಾಡಬಹುದು, ಎರಡು ಸೈಜ್ ಆದರೆ ಇಲ್ಲ. ಹಾಫ್ಲಿಂಗ್ (ಕುಳ್ಳ ಜನಾಂಗ) ಸ್ಮಾಲ್, ಓಗರ್ ಲಾರ್ಜ್, ನಡುವೆ ಮೀಡಿಯಂ: ಪ್ರಶ್ನೆಯೇ ಏಳಲ್ಲ.

2024ರ ನಿಯಮದಲ್ಲಿ ಗ್ರ್ಯಾಪಲ್‌ಗೆ ಎದುರುಬದುರು ರೋಲ್ ಇಲ್ಲ. ಓಗರ್‌ನ ಡಿಸಿ (ಎದುರಿನವರು ಮುಟ್ಟಬೇಕಾದ ಅಂಕ) 8 + ಸ್ಟ್ರೆಂತ್ 4 + ಪ್ರೊಫಿಷಿಯೆನ್ಸಿ ಬೋನಸ್ 2 = 14, ತಪ್ಪಿಸಿಕೊಳ್ಳಲು ಅಷ್ಟು ಮುಟ್ಟಿದರೆ ಸಾಕು. ಬಿಡಿಸಿಕೊಳ್ಳುವಾಗಲೂ 14 ಬಿದ್ದರೆ ಬಿಡುಗಡೆ. 2014ರಲ್ಲಿ ಇದೇ ಟೈ ಹಿಡಿದವರ ಪಾಲಾಗುತ್ತಿತ್ತು.

ನೂರ್ಮುಖ:
ನೀವು ಮಾಡಹೊರಟ ಹೌಸ್ ರೂಲ್ 3.5 ಆವೃತ್ತಿಯಲ್ಲಿ ಅಧಿಕೃತ ನಿಯಮವೇ ಆಗಿತ್ತು: ಹೆಚ್ಚು ಮಾಡಿಫೈಯರ್ ಇದ್ದವರಿಗೆ ಗೆಲುವು, ಅದೂ ಸಮವಾದರೆ ಮರುರೋಲ್.

ಟೈ ನಿಯಮಕ್ಕೆ ನಿಜವಾದ ತೂಕ ಇರೋದು ಕಾಲ್ ಆಫ್ ಕ್ಥುಲು 7ನೇ ಆವೃತ್ತಿಯಂಥ ಆಟದಲ್ಲಿ. ಅಲ್ಲಿ ಹೋಲಿಸೋದು ಅಂಕವನ್ನಲ್ಲ, ಯಶಸ್ಸಿನ ಮಟ್ಟವನ್ನು. ಹಾಗಾಗಿ ಸಮ ಆಗೋದು ಜಾಸ್ತಿ. ಸ್ಕಿಲ್ 70 ಮತ್ತು 40 ಇದ್ದರೆ ಇಬ್ಬರಿಗೂ ಬರೀ ರೆಗ್ಯುಲರ್ ಯಶಸ್ಸು (ನೂರರ ದಾಳದಲ್ಲಿ ಸ್ಕಿಲ್‌ನ ಅರ್ಧಕ್ಕಿಂತ ಮೇಲೆ, ಸ್ಕಿಲ್ ಅಂಕದೊಳಗೆ) ಸಿಗುವ ಸಾಧ್ಯತೆಯೇ 7% (35% × 20%), ಮೇಲಿನ ಮಟ್ಟಗಳ ಟೈ ಬೇರೆ. ಟೈ ಆದರೆ ಅಲ್ಲಿ ಸ್ಕಿಲ್ ಹೆಚ್ಚಿದ್ದವರು ಗೆಲ್ಲುತ್ತಾರೆ. ಹೊಡೆದಾಟದಲ್ಲಿ ಮಾತ್ರ ಬೇರೆ: ತಪ್ಪಿಸಿಕೊಳ್ಳುವವರಿಗೆ ಟೈ ಅನುಕೂಲ, ತಿರುಗಿ ಹೊಡೆಯುವವರಿಗೆ ಪ್ರತಿಕೂಲ.

ಪಗಡೆಪುಟ್ಟ:
ಬಾಗಿಲಿನ ವಿಷಯ ಬಿಟ್ಟೆ, ಪುಸ್ತಕದಂತೇ ಇರಲಿ. ಗಾಬ್ಲಿನ್ (ಪುಟ್ಟ ರಾಕ್ಷಸ) ಸ್ಟೆಲ್ತ್ ಅಂದರೆ ಅವಿತುಕೊಳ್ಳುವ ಅಂಕ 12, ಕಾವಲುಗಾರನ ಪ್ಯಾಸಿವ್ ಪರ್ಸೆಪ್ಷನ್ (ದಾಳ ಉರುಳಿಸದೆಯೇ ಗಮನಿಸುವ ಅಂಕ) 12 ಆದರೆ? ಇಲ್ಲಿ "ಮೊದಲಿದ್ದ ಸ್ಥಿತಿ" ಯಾವುದು?

ಮೂಲೆಮನೆ ಡಿಎಂ:
ಗಾಬ್ಲಿನ್ ಈಗಷ್ಟೇ ಅವಿತುಕೊಳ್ಳಲು ನೋಡುತ್ತಿದ್ದರೆ ಕಾಣಿಸಿಕೊಂಡೇ ಇದೆ, ಟೈ ಆದರೆ ಸಿಕ್ಕಿಬಿತ್ತು. ಮೊದಲೇ ಅವಿತಿದ್ದು, ಕಾವಲುಗಾರ ಆಮೇಲೆ ಆ ದಾರಿ ಬಂದರೆ ಅವಿತೇ ಇರುತ್ತೆ. ಆಟಗಾರರ ರೋಗ್‌ಗೂ (ಕಳ್ಳನ ಪಾತ್ರಕ್ಕೂ) ಇದೇ ಅಳತೆ ಹಿಡಿಯಿರಿ, ಇಲ್ಲದಿದ್ದರೆ ಮುಂದಿನ ವಾರ ಟೇಬಲ್ಲಿನಲ್ಲಿ ಕೇಳುತ್ತಾರೆ.