ಪದಚರ್ಚೆ: ಎಲೆಕ್ಟ್ರಾನಿನ ‘ಸ್ಪಿನ್’ ಅಂದರೆ ‘ಗಿರಕಿ’ಯೇ?

ಬಳಗದವರಿಗೆ ನಮಸ್ಕಾರ.

ಸೌರಕೋಶದ ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳ ಸ್ಪಿನ್ ಅಳೆಯುವ ಭೌತವಿಜ್ಞಾನಿಯೊಬ್ಬರ ಸಂಶೋಧನೆಯ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ಸ್ಪಿನ್, ಎಲೆಕ್ಟ್ರಾನನ್ನು ಪುಟ್ಟ ಕಾಂತದಂತೆ ನಡೆದುಕೊಳ್ಳುವಂತೆ ಮಾಡುವ ಅದರ ಹುಟ್ಟುಗುಣ. ಕರಡಿನಲ್ಲಿ ‘ಗಿರಕಿ’ ಎಂದು ಬರೆದಿದ್ದೆ, ಕಿವಿಗೂ ಹಿತವಾಗಿತ್ತು. ‘ಮೈಕ್ರೋವೇವ್ ತಾಗಿದಾಗ ಗಿರಕಿ ಕೆಳಮುಖವಾಗುತ್ತದೆ’ ಎಂಬ ಸಾಲಿಗೆ ಬಂದಾಗ ಮಗಳು ಕೇಳಿದಳು: “ಗಿರಕಿಗೆ ಮುಖ ಎಲ್ಲಿರತ್ತಪ್ಪಾ?” ಅಲ್ಲಿಗೆ ಪೆನ್ನು ನಿಂತಿತು.

ಗಿರಕಿ ಅಂದರೆ ನಮಗೆ ಬುಗುರಿ. ಎಲೆಕ್ಟ್ರಾನ್ ಹಾಗೆ ಸುತ್ತುವುದಿಲ್ಲ. 1925ರಲ್ಲಿ ನೆದರ್ಲೆಂಡ್ಸಿನ ಲೈಡನ್ನಿನ ತರುಣ ಭೌತವಿಜ್ಞಾನಿಗಳಾದ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಸುತ್ತುತ್ತದೆ ಎಂದೇ ಊಹಿಸಿದ್ದರು. ಹಾಗೆ ಸುತ್ತಬೇಕಾದರೆ ಅದರ ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆಂದು ಹಿರಿಯ ಭೌತವಿಜ್ಞಾನಿ ಲೊರೆಂಟ್ಸ್ ಲೆಕ್ಕ ಹಾಕಿ ತೋರಿಸಿದರು. ಹುಡುಗರು ಹೆದರಿ ಲೇಖನ ವಾಪಸ್ ಕೇಳಿದರೆ, ಗುರು ಏರೆನ್‌ಫೆಸ್ಟ್ ಆಗಲೇ ಅದನ್ನು ಅಚ್ಚಿಗೆ ಕಳಿಸಿಬಿಟ್ಟಿದ್ದರು! ಸುತ್ತುವ ಚಿತ್ರ ಬಿದ್ದುಹೋಯಿತು, ಹೆಸರು ಉಳಿಯಿತು. ಅವರ ತಪ್ಪು ಹೆಸರನ್ನು ನಾವು ಮತ್ತೆ ಅನುವಾದಿಸಬೇಕೆ? ಸ್ಪಿನ್ ಎಂದೇ ಇರಲಿ ಅನ್ನುವುದು ನನ್ನ ಮತ. ಆ ಪದ ಕೇಳಿದರೆ ನಮ್ಮಲ್ಲಿ ಅರ್ಧ ಜನಕ್ಕೆ ಕ್ರಿಕೆಟ್ಟಿನ ಪ್ರಸನ್ನ, ಚಂದ್ರಶೇಖರ್ ನೆನಪಾಗುತ್ತಾರೆ, ಅದೂ ನಿಜ.

ಆದರೆ ಸ್ಪಿನ್ ತಲೆಕೆಳಗಾಗುವುದಕ್ಕೆ ‘ಮಗುಚು’ ಸೊಗಸಾಗಿ ಕೂತಿತು. ದೋಸೆಯಂತೆ ಇದಕ್ಕೂ ಎರಡೇ ಮಗ್ಗುಲು, ನಡುವೆ ಇನ್ನೊಂದಿಲ್ಲ. ‘ವಿಪರ್ಯಯ’ ಯಾರಿಗೆ ಬೇಕು?

ಎರಡನೆಯದೇ ನಿಜವಾದ ತೊಡಕು: ಇಂಗ್ಲಿಷಿನ ‘ಡ್ಯಾಂಗ್ಲಿಂಗ್ ಬಾಂಡ್’. ಸಿಲಿಕಾನಿನ ಪ್ರತಿ ಪರಮಾಣುವಿಗೆ ಬಂಧ ಕಟ್ಟುವ ನಾಲ್ಕು ಕೈ, ನಾಲ್ಕೂ ನೆರೆಯವರ ಕೈ ಹಿಡಿದಿರಬೇಕು. ಪರಮಾಣುಗಳು ಸಾಲಾಗಿ ಕೂರದ ಅಸ್ಫಟಿಕ ಸಿಲಿಕಾನಿನಲ್ಲಿ ಅಲ್ಲಲ್ಲಿ ಒಂದು ಕೈಗೆ ಜೊತೆ ಸಿಗುವುದಿಲ್ಲ. ಅಲ್ಲೊಂದು ಒಂಟಿ ಎಲೆಕ್ಟ್ರಾನ್ ಕೂತಿರುತ್ತದೆ. ಬೆಳಕಿನಿಂದ ಹುಟ್ಟಿ ತಂತಿಯತ್ತ ಹೊರಟ ಎಲೆಕ್ಟ್ರಾನನ್ನು ಇದು ಹಿಡಿದುಹಾಕುತ್ತದೆ, ಆದರೆ ಇಬ್ಬರ ಸ್ಪಿನ್ ಎದುರುಬದುರಾಗಿದ್ದರೆ ಮಾತ್ರ. ಒಂದೇ ದಿಕ್ಕಿನಲ್ಲಿದ್ದರೆ ಪೌಲಿಯ ನಿಯಮ ಬಿಡುವುದಿಲ್ಲ: ಒಂದೇ ಜಾಗದಲ್ಲಿ ಒಂದೇ ಸ್ಪಿನ್ನಿನ ಇಬ್ಬರು ಕೂರುವಂತಿಲ್ಲ. ಸುಮಾರು 0.34 ಟೆಸ್ಲಾ ಕಾಂತಕ್ಷೇತ್ರದಲ್ಲಿಟ್ಟು 9.5 ಗಿಗಾಹರ್ಟ್ಸ್ ಮೈಕ್ರೋವೇವ್ ಹಾಯಿಸಿ ಒಬ್ಬನ ಸ್ಪಿನ್ ಮಗುಚಿದರೆ ಜೋಡಿ ಕೂಡುತ್ತದೆ, ಹೊರಗೆ ವಿದ್ಯುತ್ತು ಒಂದು ಕೂದಲೆಳೆಯಷ್ಟು ಇಳಿಯುತ್ತದೆ. ಆ ಇಳಿತವೇ ಈ ಜೊತೆಯಿಲ್ಲದ ಕೈಯೆಂಬ ದೋಷದ ಗುರುತು. ಸಿಲಿಕಾನಿನಲ್ಲಿ ಇದನ್ನು ಭೌತವಿಜ್ಞಾನಿ ಲೆಪಿನ್ 1972ರಲ್ಲೇ ತೋರಿಸಿದ್ದರು.

ಈ ಜೊತೆಯಿಲ್ಲದ ಕೈಗೆ ಏನೆನ್ನೋಣ? ‘ತೂಗುಬಂಧ’ ಅಂದರೆ ತೂಗುಸೇತುವೆಯ ಹಾಗೆ ಎರಡೂ ತುದಿ ಕಟ್ಟಿದಂತಾಗುತ್ತದೆ. ‘ನೇತಾಡುವ ಬಂಧ’ ಪರವಾಗಿಲ್ಲ, ಆದರೆ ಬಂಧವೇ ಆಗಿಲ್ಲವಲ್ಲ! ‘ಬಿಡುಗೈ’ ಹೊಳೆದು ಒಂದು ಸಂಜೆ ಹಿಗ್ಗಿದೆ. ಮರುದಿನ ‘ಬಿಡುಗೈ ದಾನಿ’ ನೆನಪಾಯಿತು. ಈ ಕೈ ಕೊಡುವುದಲ್ಲ, ಕಸಿಯುವುದು. ‘ಬರಿಗೈ’ಯೂ ಸಲ್ಲದು, ಒಂದು ಎಲೆಕ್ಟ್ರಾನಾದರೂ ಇದೆಯಲ್ಲ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ಚಾಚಿದ ಕೈಯನ್ನು ಹೈಡ್ರೋಜನ್ ಬಂದು ಹಿಡಿದರೆ ಒಂಟಿ ಎಲೆಕ್ಟ್ರಾನಿಗೆ ಜೋಡಿ ಸಿಗುತ್ತದೆ, ಅದರ ಸ್ಪಿನ್ನಿನ ಸುಳಿವು ಅಳಿಯುತ್ತದೆ.’ ವಾಕ್ಯದಲ್ಲಿ ನಡೆಯುತ್ತದೆ. ಪಾರಿಭಾಷಿಕ ಪದವಾಗಿ ‘ಚಾಚುಗೈ’ ನಿಲ್ಲುತ್ತದೆಯೇ, ಅಥವಾ ನಿಮ್ಮ ಕಡೆ ಇದಕ್ಕಿಂತ ಒಳ್ಳೆಯ ಮಾತಿದೆಯೇ?