ಬ್ಯಾಂಕ್ ಪರವಾನಗಿ ಅಧಿಕಾರಿಯ ವೃತ್ತಿ: ಉಡುಪಿಯ ತಂದೆಯೊಬ್ಬರ ಪ್ರಶ್ನೆಗೆ ಬಂದ ಅನುಭವಗಳು

ಪ್ರಶ್ನೆ, ಉಡುಪಿಯಿಂದ:
ನನ್ನ ಮಗಳಿಗೆ 26 ವರ್ಷ. ಎಂ.ಕಾಂ. ಮುಗಿಸಿ ಮಣಿಪಾಲದ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯಾಗಿದ್ದಾಳೆ. ಹೊಸ ಬ್ಯಾಂಕುಗಳಿಗೆ ಪರವಾನಗಿ ಕೊಡುವ ರಿಸರ್ವ್ ಬ್ಯಾಂಕ್ ಅಧಿಕಾರಿಯಾಗಬೇಕೆಂಬುದು ಅವಳ ಹಂಬಲ. ಅದಕ್ಕಾಗಿ ಈಗಿನ ಕೆಲಸ ಬಿಡುವುದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಿ.

ನಿವೃತ್ತ ಅಧಿಕಾರಿ, ಮಂಗಳೂರು:
ರಿಸರ್ವ್ ಬ್ಯಾಂಕಿನಲ್ಲಿ ಮೂವತ್ತೆರಡು ವರ್ಷ ದುಡಿದು ಈಗ ಕದ್ರಿಯಲ್ಲಿ ನೆಲೆಸಿದ್ದೇನೆ. ಅದರಲ್ಲಿ ಆರು ವರ್ಷ ಮುಂಬೈಯ ಕೇಂದ್ರ ಕಚೇರಿಯಲ್ಲಿ ಪರವಾನಗಿಯ ಕಡತಗಳನ್ನು ನೋಡಿದ್ದೇನೆ. ಆ ಕೆಲಸಕ್ಕೆಂದೇ ಪ್ರತ್ಯೇಕ ನೇಮಕಾತಿ ಇಲ್ಲ ಎಂಬುದನ್ನು ಮಗಳು ಮೊದಲೇ ತಿಳಿದಿರಬೇಕು. ಗ್ರೇಡ್ ‘ಬಿ’ ಪರೀಕ್ಷೆಯ ಮೂಲಕ ಮ್ಯಾನೇಜರ್ ಆಗಿ ಸೇರಿದವರನ್ನು ಯಾವ ಊರಿಗೆ, ಯಾವ ವಿಭಾಗಕ್ಕೆ ಹಾಕಬೇಕೆಂಬುದನ್ನು ಸಂಸ್ಥೆಯೇ ನಿರ್ಧರಿಸುತ್ತದೆ. ಮುಂದೆ ಸಹಾಯಕ ಮಹಾಪ್ರಬಂಧಕ, ಉಪ ಮಹಾಪ್ರಬಂಧಕ, ಮಹಾಪ್ರಬಂಧಕ, ಮುಖ್ಯ ಮಹಾಪ್ರಬಂಧಕ ಎಂದು ಏರುವ ದಾರಿಯಲ್ಲಿ ಹಲವು ಬಾರಿ ವರ್ಗಾವಣೆ ಇದ್ದದ್ದೇ.

ನನ್ನನ್ನು ಈ ಕೆಲಸಕ್ಕೆ ಸಿದ್ಧಗೊಳಿಸಿದ್ದು ಅದಕ್ಕೂ ಮುಂಚೆ ಏಳು ವರ್ಷ ಮಾಡಿದ ಬ್ಯಾಂಕುಗಳ ಇನ್‌ಸ್ಪೆಕ್ಷನ್, ಅಂದರೆ ತಪಾಸಣೆ. ಮುಳುಗುತ್ತಿರುವ ಬ್ಯಾಂಕಿನಲ್ಲಿ ಒಂದೇ ಮನೆಯವರ ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ಸಾಲ ಪಡೆದದ್ದನ್ನು ಕಣ್ಣಾರೆ ಕಂಡವರು, ಹೊಸ ಅರ್ಜಿಯ ಷೇರುದಾರರ ಪಟ್ಟಿಯಲ್ಲಿ ಅದೇ ನಂಟನ್ನು ಗುರುತಿಸಬಲ್ಲರು. 2016ರ ಮಾರ್ಗಸೂಚಿಯಲ್ಲಿ ಪೂರ್ಣ ಪ್ರಮಾಣದ ಖಾಸಗಿ ಬ್ಯಾಂಕಿಗೆ ಕನಿಷ್ಠ 500 ಕೋಟಿ ರೂಪಾಯಿ ಬಂಡವಾಳ ಬೇಕೆಂದಿತ್ತು. ಆದರೆ ಅಷ್ಟು ಹಣ ಇದೆಯೇ ಎನ್ನುವುದಕ್ಕಿಂತ ಅದು ಯಾರ ಹಣ ಎಂಬುದನ್ನು ಕಂಡುಹಿಡಿಯುವುದೇ ಹೆಚ್ಚು ಕಷ್ಟ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 22ನೆಯ ಪ್ರಕರಣವು ಠೇವಣಿದಾರರ ಹಣ ಹಿಂದಿರುಗಿಸುವ ಶಕ್ತಿ ಮತ್ತು ಬಂಡವಾಳದ ಜೊತೆಗೆ ಆಡಳಿತದವರ ನಡತೆಯನ್ನೂ ಪರಿಶೀಲಿಸಲು ಹೇಳುತ್ತದೆ.

ಮಂಗಳೂರು, ಉಡುಪಿ ಎರಡೂ ಸೇರಿದ್ದ ನಮ್ಮ ಅಂದಿನ ಜಿಲ್ಲೆಯಲ್ಲಿ 1906ರಿಂದ 1931ರೊಳಗೆ ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಬ್ಯಾಂಕುಗಳು ಹುಟ್ಟಿದಾಗ ಈ ಕಾಯ್ದೆ ಇರಲಿಲ್ಲ. ಸ್ಥಾಪಕರ ನಡತೆಗೆ ಊರೇ ಸಾಕ್ಷಿಯಾಗಿತ್ತು. ಊರಿನವರಿಗೆ ತಾನಾಗಿ ತಿಳಿದಿದ್ದುದನ್ನು ಇಂದು ಅಧಿಕಾರಿ ಕಾಗದಪತ್ರಗಳಿಂದ ತಿಳಿಯಬೇಕಾಗಿದೆ. ನಿರಾಕರಣೆಯೇ ಹೆಚ್ಚು: 2013ರ ಪರವಾನಗಿ ಸುತ್ತಿನಲ್ಲಿ ಕಣದಲ್ಲಿದ್ದ ಇಪ್ಪತ್ತೈದರಷ್ಟು ಅರ್ಜಿಗಳಲ್ಲಿ 2014ರಲ್ಲಿ ತಾತ್ವಿಕ ಒಪ್ಪಿಗೆ ಸಿಕ್ಕಿದ್ದು ಐಡಿಎಫ್‌ಸಿ ಮತ್ತು ಬಂಧನ್‌ಗೆ ಮಾತ್ರ.

ಗ್ರೇಡ್ ‘ಬಿ’ ಅಧಿಕಾರಿ, ಮೂಲತಃ ಉಡುಪಿಯವಳು:
ದಯವಿಟ್ಟು ಕೆಲಸ ಬಿಡಿಸಬೇಡಿ. ನಾನು ಬ್ಯಾಂಕಿನಲ್ಲಿದ್ದುಕೊಂಡೇ ಬೆಳಗಿನ ಎರಡು ಗಂಟೆ ಓದಿ, ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದೆ. ಎರಡು ಹಂತದ ಪರೀಕ್ಷೆ, ಬಳಿಕ ಸಂದರ್ಶನ. ಸಾಮಾನ್ಯ ವರ್ಗಕ್ಕೆ ವಯೋಮಿತಿ 30, ಆದ್ದರಿಂದ ಅವಳಿಗೆ ಸಮಯವಿದೆ. ಶಾಖೆಯಲ್ಲಿ ಸಾಲದ ವಿಭಾಗವನ್ನು ಕೇಳಿ ಪಡೆಯಲಿ.

ಸಹಕಾರಿ ಸಂಘದ ಮಾಜಿ ನಿರ್ದೇಶಕ, ಉಡುಪಿ:
ನಾನು ಅರ್ಜಿದಾರರ ಕಡೆಯಲ್ಲಿದ್ದವನು. 1990ರ ದಶಕದಲ್ಲಿ ನಮ್ಮ ಸಂಘವನ್ನು ಪಟ್ಟಣ ಸಹಕಾರಿ ಬ್ಯಾಂಕ್ ಮಾಡಲು ಅರ್ಜಿ ಹಾಕಿದ್ದೆವು. ಷೇರು ಬಂಡವಾಳದ ಬಹುಪಾಲು ಎರಡೇ ಕುಟುಂಬಗಳಿಂದ ಬಂದದ್ದೇಕೆ ಎಂದು ಅಧಿಕಾರಿಯೊಬ್ಬರು ಪ್ರಶ್ನಿಸಿದರು. ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ, ಅರ್ಜಿ ತಿರಸ್ಕೃತವಾಯಿತು. ಅಂದು ಬಹಳ ನೋವಾಗಿತ್ತು. ಮುಂದೆ ಆ ಕುಟುಂಬಗಳಲ್ಲಿ ಒಂದರ ವ್ಯಾಪಾರ ಕುಸಿದಾಗ, ಸದಸ್ಯರ ಠೇವಣಿಗೆ ಏನಾಗಬಹುದಿತ್ತು ಎಂಬುದು ನಮಗೆ ಅರ್ಥವಾಯಿತು. ಕಾರಣಗಳನ್ನು ಒಂದೊಂದಾಗಿ ಗೌರವದಿಂದ ವಿವರಿಸಿದ ಆ ಎರಡು ಪುಟದ ಪತ್ರ ನನ್ನ ಬಳಿ ಇನ್ನೂ ಇದೆ. ಮಗಳು ಓದಲು ಬಯಸಿದರೆ ಪ್ರತಿ ಕೊಡುತ್ತೇನೆ.